ಮಸಿ ಬಳಿದ ಪೈಪು

ಓಟ್ಸ್ ಗಂಜಿ ಇನ್ನೇನು ಕುದಿಯಬೇಕು, ಅಷ್ಟರಲ್ಲಿ ಅಂಗಳದಲ್ಲಿ ಗುಡುಗಿದಂಥ ಸದ್ದು!

ಸೈಲಾ ಸೌಟು ಹಿಡಿದೇ ಕಿಟಕಿಗೆ ಓಡಿದಳು. ಕೆಂಪು ಬಣ್ಣದ ಪುಟ್ಟ ಸ್ಟಾರ್ಲೆಟ್ ಕಾರೊಂದು ಮುರಿದ ಸೈಲೆನ್ಸರನ್ನು ನೆಲದ ಮೇಲೆ ಎಳೆದುಕೊಂಡು, ಕಿಡಿ ಹಾರಿಸುತ್ತಾ ಬಂದು ಅವಳ ವರ್ಕ್‌ಶಾಪಿನ ಬಾಗಿಲಿಗೆ ನಿಂತಿತ್ತು.

'ಇಷ್ಟು ಬೆಳಿಗ್ಗೇನಾ? ಈ ಊರಿನ ಗಂಡಸರಿಗೆ ನಿದ್ದೆ ಅನ್ನೋದೇ ಇಲ್ವಾ...'

ಅವಳು ಹೊರಗೆ ಬಂದಳು. ಕಾರಿನಿಂದ ಇಳಿದವನು ಟೋಪಿ ತೆಗೆದ.

"ಕ್ಷಮಿಸಿ. ಅಂಗಡಿ ತೆರೆಯೋ ಹೊತ್ತಿಗೆ ನಾನು ಹಾಲಿನ ಟ್ಯಾಂಕರ್ ಓಡಿಸ್ತಿರ್ತೀನಿ. ಅದಕ್ಕೇ ಈಗಲೇ..."

"ಅಮ್ಮಾ! ಗಂಜಿ ಸೀದೋಯ್ತು!" ಒಳಗಿನಿಂದ ಏಳು ವರ್ಷದ ಹಿಲ್ಲಾ ಕೂಗಿದಳು.

"ಕೇಳಿಸ್ತಾ? ನಿಮ್ಮಿಂದಲೇ!" ಸೈಲಾ ಸೌಟು ಆಡಿಸಿದಳು.

ಅವನು ಆ ಸೌಟನ್ನೇ ನೋಡಿದ. "ಹಾಲು ಬೇಕಿದ್ರೆ ತಂದ್ಕೊಡ್ತೀನಿ..."

"ಹಾಲಿದೆ!"

ಹೇಳಿಬಿಟ್ಟ ಮೇಲೆ ಅವಳು ಮುಖ ನೋಡಿದಳು. ಬೂದುಗಣ್ಣು. ಅದರ ಕೆಳಗೆ ಅವಳ ಕಣ್ಣಿನ ಕೆಳಗೆ ಇದ್ದಂಥದ್ದೇ ಕಪ್ಪು. ಎಷ್ಟೋ ದಿನದ ದಣಿವು. ಯಾಕೋ ಅವಳೇ ಮೊದಲು ದೃಷ್ಟಿ ತೆಗೆದಳು.

ಅವನ ಹೆಸರು ಯಾರ್ಮೊ. ಫಿನ್ಲೆಂಡಿನ ಕೌಹಯೋಕಿ ಊರಿನ ಸುತ್ತಲ ಹಸುಸಾಕಣೆ ಮನೆಗಳಿಂದ ಹಾಲು ಒಯ್ಯುವವನು. ಬೇಸಿಗೆಯ ಭಾನುವಾರಗಳಲ್ಲಿ ಮಾತ್ರ ಜಲ್ಲಿ ಹಾದಿಯ ಯೊಕ್ಕಿಸ್ ಎಂಬ ಅಗ್ಗದ ಕಾರುಗಳ ರೇಸಿನಲ್ಲಿ ಈ ಪುಟ್ಟ ಕಾರು ಓಡಿಸುತ್ತಿದ್ದ.

"ಹೊಸ ಪೈಪು ಮಾಡಿಕೊಡಿ. ಅರವತ್ತಮೂರು ಮಿಲಿಮೀಟರಿನದು. ಎಲ್ಲರೂ ಅದೇ ಹಾಕಿಸ್ತಾರೆ."

ಸೈಲಾ ಕಾರಿನಡಿ ಮಲಗಿ ಟಾರ್ಚು ಹಿಡಿದಳು. "ನಿಮಗೆ ಸದ್ದು ಬೇಕಾ, ಓಟ ಬೇಕಾ?"

"...ಓಟ."

"ಹಾಗಾದ್ರೆ ನಲವತ್ತೆಂಟು ಸಾಕು."

"ಅಷ್ಟು ಸಣ್ಣದಾ!"

"ಎಂಜಿನ್ನೂ ಸಣ್ಣದೇ ಅಲ್ವಾ? ಅದರ ಉಸಿರೂ ಸಣ್ಣದು. ಪೈಪು ತೀರಾ ಅಗಲವಾದ್ರೆ ಹೊಗೆ ಹಾದಿಯಲ್ಲೇ ಸೋತು ನಿಧಾನ ಆಗತ್ತೆ, ತಿರುವಿಂದ ಏಳೋವಾಗ ಕಾರು ಎಳೆಯೋದೇ ಇಲ್ಲ. ತೀರಾ ಕಿರಿದಾದ್ರೆ ಉಸಿರು ಕಟ್ಟತ್ತೆ."

"ಅಂದ್ರೆ, ಅದಕ್ಕೆ ಎಷ್ಟು ಬೇಕೋ ಅಷ್ಟು."

"ಅಷ್ಟೇ."

ಸೈಲಾಳ ಗಂಡ ಏಸಾ ಯಾವತ್ತೂ ಹಾಗೆ ಅಂದವನಲ್ಲ. ಅವನ ರೇಸು ಕಾರಿಗೆ ಎಲ್ಲಕ್ಕಿಂತ ದಪ್ಪ ಪೈಪೇ ಆಗಬೇಕು. ಬರುವುದೂ ಹೋಗುವುದೂ ಊರಿಗೆಲ್ಲ ಕೇಳಬೇಕು. ಹಾಗೇ ಒಂದು ದಿನ ನಾರ್ವೆಗೆ ಕೆಲಸಕ್ಕೆಂದು ಹೋದ. "ಭಾನುವಾರ ಬರ್ತೀನಿ ಪುಟ್ಟಿ" ಎಂದು ಹಿಲ್ಲಾಳ ಕೆನ್ನೆ ತಟ್ಟಿದ್ದ. ಬರಲಿಲ್ಲ. ಆಮೇಲೆ ಬಂದದ್ದು ವಿಚ್ಛೇದನದ ಕಾಗದ.

ಅಂದಿನಿಂದ ಹಿಲ್ಲಾ ಮನೆಯಿಂದ ಹೊರಡುವವರನ್ನು ಏನೂ ಕೇಳುತ್ತಿರಲಿಲ್ಲ. ಅಜ್ಜಿ ಹೊರಟರೂ ಅಷ್ಟೇ, ಟೀಚರ್ ಹೊರಟರೂ ಅಷ್ಟೇ. ಬಾಗಿಲಲ್ಲಿ ನಿಂತು ಸುಮ್ಮನೆ ನೋಡುವಳು. ಬಾಯಿಗೆ ಬಂದ ಮಾತನ್ನು ಅವಳು ನುಂಗುವುದು ಸೈಲಾಳಿಗೆ ಕಾಣುತ್ತಿತ್ತು. ತಾಯಿಗೆ ಅದಕ್ಕಿಂತ ದೊಡ್ಡ ಸಂಕಟ ಇನ್ನೇನಿದೆ?

ಪೈಪು ಬಗ್ಗಿಸಲು ಸೈಲಾ ದಿನಗಟ್ಟಲೆ ತೆಗೆದುಕೊಂಡಳು. ಸೊಂಟ ನೋಯುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಆದರೂ ಒಂದು ತಿರುವಿನಲ್ಲೂ ಸುಕ್ಕು ಬೀಳಬಾರದು, ಒಂದು ಬೆಸುಗೆಯೂ ಒರಟಾಗಬಾರದು ಎಂಬ ಹಟ. 'ಯಾಕೆ ಇಷ್ಟು ಮೈ ಮುರ್ಕೋತಿದೀನಿ? ಬರೀ ಗಿರಾಕಿ ಅವನು...'

ಪೈಪು ಕೂರಿಸಿದ ಮೇಲೂ ಯಾರ್ಮೊ ಬರುತ್ತಲೇ ಇದ್ದ. ಒಮ್ಮೆ ಪೈಪು ಬಿಗಿಯುವ ಪಟ್ಟಿ ಸಡಿಲವಾಗಿದೆ ಎನ್ನುವನು. ಇನ್ನೊಮ್ಮೆ ಏನೋ ಅದುರುತ್ತಿದೆ ಎನ್ನುವನು. ಹಿಲ್ಲಾ ಅವನಿಗೆ ಟಾರ್ಚು ಹಿಡಿಯುವಳು.

"ನೀನು ಹಾಲಿನ ಮಾವನಾ?"

"ಹೂಂ. ಹಸುಗಳೆಲ್ಲ ನನ್ನನ್ನ ಹಾಗೇ ಕರೆಯೋದು."

ಹಿಲ್ಲಾ ಬಿದ್ದೂಬಿದ್ದೂ ನಕ್ಕಳು. ಆದರೆ ಅವನು ಹೊರಟಾಗ ಮತ್ತೆ ಬಾಗಿಲಲ್ಲಿ ಅದೇ ಮೌನ. ಸೈಲಾ ಟಾರ್ಚು ಒಳಗಿಟ್ಟಳು. 'ಬೇಡಪ್ಪಾ... ಇವಳಿಗೆ ಇನ್ನೊಬ್ಬರು ಅಭ್ಯಾಸ ಆಗೋದು ಬೇಡ.'

ಮೇ ತಿಂಗಳ ಮೊದಲ ರೇಸಿಗೆ ತಾಯಿ ಮಗಳು ಇಬ್ಬರೂ ಹೋದರು. ಹಿಲ್ಲಾಳ ಕೈಗೆ ಸುಟ್ಟ ಸಾಸೇಜು ಕೊಡಿಸಿ, ಸೈಲಾ ಸ್ಟಾರ್ಲೆಟ್ಟಿನ ಹತ್ತಿರ ಬಂದಳು. ಯಾರ್ಮೊ ಚಾಲಕರ ಸಭೆಗೆ ಹೋಗಿದ್ದ. ಅವಳು ಬಗ್ಗಿ ನೋಡಿದಳು.

'ಇದೇನಿದು!'

ಅವಳ ಪೈಪಿಗೆ ಮಸಿ ಬಳಿದಿತ್ತು. ಅದರ ಮೇಲೆ ಕೆಂಪು ಕೆಸರು, ತುಕ್ಕು ಹಿಡಿದ ತಂತಿ. ಗುಜರಿಯಿಂದ ಎತ್ತಿ ತಂದಂತೆ ಕಾಣುತ್ತಿತ್ತು.

'ಹೆಂಗಸಿನ ಕೈಕೆಲಸ ಅಂತ ನಾಚಿಕೆನಾ? ನಾನು ಅಷ್ಟು ಕಷ್ಟಪಟ್ಟಿದ್ದು... ಇದಕ್ಕಾ?'

ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಚಿಂದಿಯನ್ನು ಪೆಟ್ರೋಲಿನಲ್ಲಿ ಅದ್ದಿ ತಿಕ್ಕತೊಡಗಿದಳು. ತಂತಿ ಕಿತ್ತೆಸೆದಳು. ಕೆಸರು ಹೋಯಿತು, ಮಸಿ ಹೋಯಿತು. ಪೈಪು ಬಿಸಿಲಿಗೆ ಫಳಫಳ ಹೊಳೆಯಿತು.

"ಅಯ್ಯೋ ಸೈಲಾ, ಇದು ನೀನು ಮಾಡಿದ್ದಾ?" ಹಳೆಯ ರೇಸುಗಾರ ತಾಯ್ಸ್ತೊ ಬೆರಗಿನಿಂದ ಬಗ್ಗಿದ. "ಏ ಬನ್ರೋ ಇಲ್ಲಿ! ಈ ಬೆಸುಗೆ ನೋಡ್ರೋ!"

ಒಬ್ಬೊಬ್ಬರಾಗಿ ಬಂದು ಮಂಡಿಯೂರಿದರು. ಅಷ್ಟರಲ್ಲಿ ಯಾರ್ಮೊ ಬಂದ. ಹೊಳೆಯುವ ಪೈಪನ್ನೂ ಅವಳ ಕೈಯ ಚಿಂದಿಯನ್ನೂ ನೋಡಿ ಹಾಗೇ ನಿಂತುಬಿಟ್ಟ.

"ಯಾಕೆ ಮುಚ್ಚಿಟ್ರಿ?" ಅವಳು ಚಿಂದಿಯನ್ನು ನೆಲಕ್ಕೆ ಬಿಸಾಡಿದಳು. "ನಾನು ಮಾಡಿದ್ದು ಅಂತ ಹೇಳ್ಕೊಳ್ಳೋಕೆ ಅವಮಾನನಾ?"

ಅವನು ಬಾಯಿ ತೆರೆದ. ಧ್ವನಿವರ್ಧಕ ಅವನ ಸರದಿ ಕೂಗಿತು. ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ.

ಪುಟ್ಟ ಕಾರು ಎಷ್ಟು ಚೆನ್ನಾಗಿ ಓಡಿತೆಂದರೆ! ದಪ್ಪ ಪೈಪಿನ ಕಾರುಗಳು ತಿರುವಿನಲ್ಲಿ ಬರೀ ಅರಚುತ್ತಿದ್ದರೆ ಸ್ಟಾರ್ಲೆಟ್ ಸದ್ದಿಲ್ಲದೆ ಚಿಮ್ಮುತ್ತಿತ್ತು. ಕೊನೆಯ ಸುತ್ತಿನಲ್ಲೂ ಅದೇ ಮುಂದೆ. ಗೆದ್ದೇಬಿಟ್ಟಿತು!

ಹಿಲ್ಲಾ ಕುಣಿದಳು. ಸೈಲಾ ಮಾತ್ರ ರೇಸು ಕಚೇರಿಯ ಕಿಟಕಿಯ ಮುಂದೆ ಬೆಳೆಯುತ್ತಿದ್ದ ಚಾಲಕರ ಸಾಲನ್ನು ನೋಡಿದಳು. ಆಗ ಹೊಳೆಯಿತು. 

ಯೊಕ್ಕಿಸ್‌ನಲ್ಲಿ ಎಲ್ಲ ಕಾರಿಗೂ ಒಂದೇ ಗೊತ್ತುಪಡಿಸಿದ ಬೆಲೆ. ರೇಸು ಮುಗಿದ ಮೇಲೆ ಬೇರೆ ಚಾಲಕರು ಯಾರು ಕೇಳಿದರೂ ಕಾರನ್ನು ಆ ಬೆಲೆಗೆ ಕೊಡಲೇಬೇಕು. ಇಲ್ಲವೆಂದರೆ ರೇಸಿನ ಪರವಾನಗಿಯೇ ಹೋಗುತ್ತದೆ. ಬಹಳ ಜನ ಕೇಳಿದರೆ ಚೀಟಿ ಎತ್ತುತ್ತಾರೆ.

ಏಸಾ ತನ್ನ ಕಾರುಗಳನ್ನು ನಗುನಗುತ್ತಲೇ ಕೊಟ್ಟುಬಿಡುತ್ತಿದ್ದ. ಏನನ್ನೂ ಉಳಿಸಿಕೊಳ್ಳಬೇಕೆಂದು ಅವನಿಗೆ ಅನಿಸಿದ್ದೇ ಇಲ್ಲ. ಹಾಗಾಗಿ, ಕಳೆದುಕೊಳ್ಳುವ ಭಯಕ್ಕೆ ಯಾರಾದರೂ ಮಸಿ ಬಳಿದಾರು ಎಂದು ಅವಳಿಗೆ ತೋಚಲೇ ಇಲ್ಲ!

"ಎಂಥ ಕೆಲಸ ಮಾಡಿದ್ಯೇ ಹುಡುಗಿ," ತಾಯ್ಸ್ತೊ ತಲೆ ಅಲ್ಲಾಡಿಸಿದ. "ಪಾಪ, ಬೆಳಿಗ್ಗೆಯಿಂದ ಕೂತು ಬಳಿದಿದ್ದ. 'ಇದೊಂದನ್ನ ಮಾತ್ರ ಯಾರಿಗೂ ಬಿಟ್ಟುಕೊಡಲ್ಲ' ಅಂತಿದ್ದ."

ಚೀಟಿ ಪಕ್ಕದೂರಿನವನ ಪಾಲಿಗೆ ಬಂತು. ಕೆಂಪು ಕಾರು ಅವನ ಟ್ರೇಲರ್ ಏರಿತು. ಯಾರ್ಮೊ ಖಾಲಿ ಜಾಗದಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದ. ಸೈಲಾಳಿಗೆ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಹಿಲ್ಲಾಳ ಕೈ ಹಿಡಿದು ಮನೆಗೆ ಬಂದುಬಿಟ್ಟಳು.

ಮರುದಿನ ಅವಳು ಬಟ್ಟೆ ಒಣಹಾಕುತ್ತಿದ್ದಾಗ ಒಂದು ಸೈಕಲ್ಲು ಅಂಗಳಕ್ಕೆ ಬಂತು. ಯಾರ್ಮೊ ಏದುಸಿರು ಬಿಡುತ್ತಾ ಇಳಿದ.

"ನಿಮ್ಮ ಕಾರು ನನ್ನಿಂದಲೇ ಹೋಯ್ತು," ಸೈಲಾ ತಲೆ ಎತ್ತಲಿಲ್ಲ. "ಬೈದುಬಿಡಿ, ಯಾರ್ಮೊ. ಸುಮ್ನಿರಬೇಡಿ."

"ಬೈಬೇಕು ಅಂತಾನೇ ಹೊರಟಿದ್ದೆ. ಆ ದಿಬ್ಬ ಹತ್ತೋಷ್ಟರಲ್ಲಿ ಎಲ್ಲಾ ಮರೆತುಹೋಯ್ತು."

ಅವಳಿಗೆ ನಗುವೂ ಬಂತು, ಅಳುವೂ ಬಂತು. "ಇನ್ನು ಇಲ್ಲಿಗೆ ಬರೋಕೆ ನಿಮಗೆ ಕಾರಣನೇ ಇಲ್ವಲ್ಲ..."

"ಮೊದಲೂ ಇರಲಿಲ್ಲ ಸೈಲಾ. ಪೈಪು ಮೊದಲ ದಿನವೇ ಸರಿಯಾಗಿತ್ತು. ಪಟ್ಟಿ ನಾನೇ ಸಡಿಲ ಮಾಡ್ಕೊಂಡು ಬರ್ತಿದ್ದೆ."

ಒದ್ದೆ ದುಪ್ಪಟಿ ಅವಳ ಕೈಯಿಂದ ಜಾರಿತು. ಅವನು ಹಿಡಿದುಕೊಂಡ. ಇಬ್ಬರೂ ಒಂದೊಂದು ತುದಿ ಹಿಡಿದು ನಿಂತರು.

"ನಂಗೆ ತುಂಬಾ ಸುಸ್ತಾಗಿದೆ, ಯಾರ್ಮೊ. ನೀವು ಬೇಡ ಅಂತಲ್ಲ... ಇನ್ನೊಮ್ಮೆ ಯಾರಾದ್ರೂ ಬಿಟ್ಟುಹೋದ್ರೆ ಈ ಮನೆನ ಎತ್ತಿ ನಿಲ್ಲಿಸೋ ಶಕ್ತಿ ನನಗಿಲ್ಲ. ನಾನಾದ್ರೂ ತಡ್ಕೋತೀನಿ. ಅವಳು?"

"ನಾನೂ ಸುಸ್ತಾದವನೇ," ಅವನು ಮೆಲ್ಲಗೆ ಅಂದ. "ನೀವು ಅಂದ್ರೆ ನನಗೆ ಇಷ್ಟ. ನಿಮ್ಮನ್ನ ಬಿಟ್ಟು ಹೋಗೋ ಶಕ್ತಿ ನನಗೆಲ್ಲಿದೆ?"

ಸೈಲಾ ದುಪ್ಪಟಿಯ ಅಂಚು ಹಿಡಿದೇ ಅವನ ಹತ್ತಿರ ಬಂದಳು. ಆಮೇಲೆ ಅವನ ಬೆರಳಿನ ಮೇಲೆ ತನ್ನ ತಣ್ಣನೆಯ ಬೆರಳಿಟ್ಟಳು.

"ಇನ್ಮೇಲೆ 'ನೀವು' ಅನ್ನಬೇಡ... 'ನೀನು' ಅನ್ನು."

"ನೀನು," ಅಂದ ಯಾರ್ಮೊ. ಕಿವಿಯವರೆಗೆ ಕೆಂಪಾದ.

ಟ್ಯಾಂಕರಿಗೆ ಹೊತ್ತಾಗಿತ್ತು. ಅವನು ಸೈಕಲ್ ತಿರುಗಿಸಿಕೊಂಡ. ಬಾಗಿಲಲ್ಲಿ ಹಿಲ್ಲಾ ನಿಂತಿದ್ದಳು, ಕೆದರಿದ ಕೂದಲು, ಬರಿಗಾಲು. ತುಟಿ ಅಲುಗಿತು, ಮತ್ತೆ ಮುಚ್ಚಿತು. ಸೈಲಾ ಮಗಳನ್ನೇ ನೋಡಿದಳು. ಈ ಸಲ ಹಿಲ್ಲಾ ನುಂಗಲಿಲ್ಲ. ಮೆಟ್ಟಿಲಿಳಿದು ಓಡಿಬಂದು ಸೈಕಲ್ಲಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಯಾರ್ಮೊ... ಹೋದ್ಮೇಲೆ ವಾಪಸ್ ಬರ್ತೀಯಾ?"