ಏಳನೇ ಮಹಡಿಯ ಪುಸ್ತಕಗಳು

"ನಿಮ್ಮ ಯಜಮಾನರು ಮನೇಲಿದಾರಾ?"

ಬಾಗಿಲಲ್ಲಿ ನಿಂತವನ ದನಿಯಲ್ಲಿ ವಿಚಾರಿಸುವ ಧಾಟಿಗಿಂತ ಜಗಳ ತೆಗೆಯುವ ಧಾಟಿಯೇ ಹೆಚ್ಚಾಗಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದಿದ್ದ ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಅಂಗೈಗೆ ತೆಗೆದುಕೊಂಡಳು.

"ಕೆಲಸಕ್ಕೆ ಹೋಗಿದಾರೆ. ತಾವು ಯಾರು?"

"ನನ್ನಕ್ಕ ಹೋದ ತಿಂಗಳು ತೀರಿಕೊಂಡಳು." ಅವನು ಗೇಟಿನ ಕಡೆ ಕೈ ತೋರಿಸಿದ. ಹೊರಗೆ ವ್ಯಾನು ನಿಂತಿತ್ತು. "ಅವಳ ಪುಸ್ತಕಗಳನ್ನೆಲ್ಲ ನಿಮ್ಮ ಯಜಮಾನರ ಹೆಸರಿಗೆ ಬರೆದು ಹೋಗಿದಾಳೆ. ಎಲ್ಲಿಡಬೇಕು ಹೇಳಿ."

ಅವಳಿಗೆ ಮೊದಲು ನಗು ಬಂತು. ತನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಓದುವುದೆಂದರೆ ಕರೆಂಟ್ ಬಿಲ್ಲು, ಅದೂ ಹೆಚ್ಚು ಬಂದರೆ ಮಾತ್ರ.

"ನೀವು ಮನೆ ತಪ್ಪಿ ಬಂದಿರಬೇಕು."

"ತಪ್ಪಿಲ್ಲ. ಅಕ್ಕ ವಕೀಲಳಾಗಿದ್ದಳು. ಇಂಥದ್ರಲ್ಲಿ ಅವಳು ತಪ್ಪು ಮಾಡೋಳಲ್ಲ." ಅವನು ಒಳಮನೆಯನ್ನು ಒಮ್ಮೆ ಕಣ್ಣಲ್ಲೇ ಅಳೆದ. "ನಾನು ಬಾಯಿಬಿಟ್ಟು ಕೇಳಿದ್ರೂ ಒಂದು ಪುಸ್ತಕ ಕೊಟ್ಟೋಳಲ್ಲ. ನಿಮ್ಮ ಯಜಮಾನರು ಏನು ಮಾಡಿದ್ರೋ, ಅವರನ್ನೇ ಕೇಳಿ."

ಆ ಕೊನೆಯ ಮಾತು ಸೂಜಿಯ ಹಾಗೆ ಒಳಗೆ ಇಳಿದು ಅಲ್ಲೇ ಉಳಿಯಿತು.

ಪೆಟ್ಟಿಗೆಗಳು ಬಂದವು... ಬರುತ್ತಲೇ ಇದ್ದವು. ನಡುಮನೆ ತುಂಬಿ, ಚಿಕ್ಕ ಕೋಣೆ ತುಂಬಿ, ಕೊನೆಗೆ ಅತ್ತೆಯ ಮಂಚದ ಕೆಳಗೂ ನಾಲ್ಕು ಹೋದವು. ಹೋಗುವಾಗ ಅವನು ತನ್ನ ಪೇಂಟ್ ಅಂಗಡಿಯ ವಿಳಾಸದ ಕಾರ್ಡು ಕೊಟ್ಟ. "ಬೇಡ ಅನ್ನಿಸಿದ್ರೆ ತಿಳಿಸಿ," ಎಂದ. ಬೇಡ ಅನ್ನಿಸಲಿ ಎಂದು ಹರಕೆ ಹೊತ್ತವನ ಮುಖ.

ಸಂಜೆ ಗಂಡ ಬಂದ. ಕೈಯ ಗ್ರೀಸು ತೊಳೆಯಲು ಹೊರಟವನು ಪೆಟ್ಟಿಗೆಗಳನ್ನು ಕಂಡು ನಿಂತ. ಅವಳು ಹೇಳಿದ್ದನ್ನು ಕೇಳಿ ಮೆಲ್ಲಗೆ ಕುರ್ಚಿಯಲ್ಲಿ ಕುಳಿತ.

"ತೀರಿಕೊಂಡ್ರಾ? ಅಯ್ಯೋ ಪಾಪ..."

"ಎಷ್ಟು ವರ್ಷದ ಪರಿಚಯ?"

"ಪರಿಚಯ ಏನಿಲ್ಲ ಕಣೇ. ಒಂದೇ ಸಲ. ಅವರಿದ್ದಿದ್ದು ಏಳನೇ ಮಹಡಿ. ಲಿಫ್ಟ್ ಕೆಟ್ಟಿತ್ತು, ಒಳಗೆ ಸಿಕ್ಕಿಕೊಂಡಿದ್ರು. ಸರಿ ಮಾಡಿ ಬಂದೆ."

"ಒಂದು ಸಲ ಲಿಫ್ಟ್ ಸರಿ ಮಾಡಿದ್ದಕ್ಕೆ ಇಷ್ಟು ಪುಸ್ತಕನಾ?"

"ಮಾತಾಡಿದ್ವಿ ಸ್ವಲ್ಪ."

"ಏನು ಮಾತು?"

ಅವನ ಕಿವಿ ಕೆಂಪಾದವು. "ನೆನಪಿಲ್ಲ," ಎಂದು ಎದ್ದು ಬಚ್ಚಲುಮನೆಗೆ ಹೋಗಿಬಿಟ್ಟ.

ನೆನಪಿಲ್ಲವಂತೆ. ಎಂಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲವೇ, ಆ ಕಿವಿ ಸುಮ್ಮಸುಮ್ಮನೆ ಕೆಂಪಾಗುವುದಿಲ್ಲ ಎಂದು? ಮದುವೆಗೆ ಮುಂಚೆ ತನ್ನನ್ನು ನೋಡಲು ಬಂದ ದಿನ ಕೆಂಪಾಗಿದ್ದವು. ಆಮೇಲೆ ಈಗಲೇ.

ಅಂದಿನಿಂದ ಮನೆಯಲ್ಲಿ ಮೂವರ ಜೊತೆಗೆ ನಾಲ್ಕನೆಯವಳೂ ಇದ್ದಂತಾಯಿತು. ಯಾವ ಪುಸ್ತಕ ತೆರೆದರೂ ಒಂದು ತೆಳು ಅತ್ತರಿನ ವಾಸನೆ. ಪುಟ ಮಡಚಿದವಳಲ್ಲ, ಗೀಚಿದವಳಲ್ಲ, ಅಚ್ಚುಕಟ್ಟಿನ ಹೆಂಗಸು. ಎತ್ತರವಿದ್ದಳೇ? ಭುಜ ಅಗಲವೇ? ಕಂಡವರ ಅಳತೆಯನ್ನೆಲ್ಲ ಕಣ್ಣಲ್ಲೇ ತೆಗೆಯುವವಳಿಗೆ, ಕಾಣದ ಈ ಒಬ್ಬಳ ಅಳತೆ ಮಾತ್ರ ಸಿಗಲಿಲ್ಲ.

*ಬದುಕಿದ್ದಿದ್ದರೆ ಹೋಗಿ ಮುಖಕ್ಕೆ ಮುಖ ಕೊಟ್ಟು ಕೇಳಬಹುದಿತ್ತು. ಸತ್ತವಳ ಹತ್ತಿರ ಏನಂತ ಜಗಳ ಆಡಲಿ?*

ಗಿರಾಕಿಯ ಅಂಗಿಗೆ ಎರಡೂ ಎಡತೋಳು ಹೊಲಿದಳು. ಬಿಚ್ಚಿ ಮತ್ತೆ ಹೊಲಿದಳು.

"ಏನಾಗಿದೆಯೇ ನಿನಗೆ?" ಎಂದು ಅತ್ತೆ ಕೇಳಿದರು.

"ನಿಮ್ಮ ಮಗನ್ನ ಕೇಳಿ."

"ಅವನನ್ನ ಕೇಳೋದೂ ಒಂದೇ, ಈ ಗೋಡೆನ ಕೇಳೋದೂ ಒಂದೇ. ಹೊಟ್ಟೇಲಿದ್ದಾಗಲೇ ಒದ್ದವನಲ್ಲ ಅವನು, ಅಷ್ಟು ಗುಮ್ಮನಗುಸುಕ." ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದರು. "ಪುಸ್ತಕ ತಾನೇ? ಮೂಲೆಗೆ ಹಾಕು. ಹೋದವರ ಮೇಲೆ ಹೊಟ್ಟೆಕಿಚ್ಚು ಪಟ್ಟು ಮೈ ಯಾಕೆ ಇಳಿಸಿಕೊಳ್ತೀಯ?"

"ನನಗ್ಯಾಕತ್ತೆ ಹೊಟ್ಟೆಕಿಚ್ಚು? ನನಗೇನಿಲ್ಲ."

"ಅದಕ್ಕೇ ಇರಬೇಕು, ಸಾರಿಗೆ ಉಪ್ಪು ಬೀಳದೆ ಮೂರು ದಿನ ಆಯ್ತು."

ಅವಳು ನಗಲಿಲ್ಲ. ಏಕೆಂದರೆ ಬೆಳಿಗ್ಗೆ ತಾನೇ ಅವಳು ನೋಡಬಾರದ್ದನ್ನು ನೋಡಿದ್ದಳು. ಗಂಡ ಕೆಲಸಕ್ಕೆ ಹೊರಡುವ ಮುಂಚೆ ಚಿಕ್ಕ ಕೋಣೆಯಲ್ಲಿ ಕುಳಿತು ಒಂದೊಂದೇ ಪುಸ್ತಕ ತೆಗೆದು, ಮೊದಲ ಪುಟವನ್ನು ಬೆರಳಿಟ್ಟು ಓದಿ, ಕೂಸನ್ನು ಮಲಗಿಸುವಷ್ಟು ಮೆಲ್ಲಗೆ ಪಕ್ಕಕ್ಕೆ ಇಡುತ್ತಿದ್ದ. ಅವಳ ನೆರಳು ಕಂಡದ್ದೇ ತಡ, ದಡಬಡಿಸಿ ಎದ್ದ.

"ಏನು ಹುಡುಕ್ತಿದೀರ?"

"ಏನಿಲ್ಲ. ಧೂಳು... ಒರೆಸ್ತಿದ್ದೆ."

ಅವನು ದಾಟಿ ಹೋದಾಗ ಅಂಗಿಯಿಂದ ಅದೇ ಅತ್ತರಿನ ವಾಸನೆ ಬಂತು. ಅವಳೇ ಅಳತೆ ತೆಗೆದು, ಅವಳೇ ಕತ್ತರಿಸಿ, ಅವಳೇ ಗುಂಡಿ ಹಾಕಿದ ಅಂಗಿ!

ಕಣ್ಣು ತುಂಬಿ ಬಂದವು. ಇಷ್ಟು ಪ್ರೀತಿಯಿಂದ ಎಂದಾದರೂ ನನ್ನ ಒಂದು ವಸ್ತುವನ್ನು ಮುಟ್ಟಿದ್ದಾರಾ?

ಮಧ್ಯಾಹ್ನ ಅವಳು ಕೈಗೆ ಸಿಕ್ಕಷ್ಟು ಪುಸ್ತಕಗಳನ್ನು ಎರಡು ಚೀಲಕ್ಕೆ ತುಂಬಿ ಆಟೋ ಹತ್ತಿದಳು.

ಪೇಂಟ್ ಅಂಗಡಿಯಲ್ಲಿ ಬಣ್ಣ ಕಲಸುವ ಯಂತ್ರ ಗಡಗಡ ಅಲುಗಾಡುತ್ತಿತ್ತು. ವಕೀಲಮ್ಮನ ತಮ್ಮ ಅವಳನ್ನು ಗುರುತು ಹಿಡಿದು ಯಂತ್ರ ನಿಲ್ಲಿಸಿದ.

"ವಾಪಸ್ ತಗೊಳ್ಳಿ," ಅವಳು ಚೀಲಗಳನ್ನು ಡಬ್ಬಿಗಳ ನಡುವೆ ಇಟ್ಟಳು. "ಉಳಿದಿದ್ದಕ್ಕೆ ವ್ಯಾನು ಕಳಿಸಿ. ನಮ್ಮ ಮನೇಲಿ ಜಾಗ ಇಲ್ಲ."

ಅವನ ಕೈ ತಕ್ಷಣ ಚೀಲದ ಹಿಡಿಗೆ ಹೋಯಿತು. ಮುಖವೂ ಅರಳಿತು. ಆದರೆ ಅವಳ ಅತ್ತು ಕೆಂಪಾದ ಕಣ್ಣು ಕಂಡು ಹಿಡಿ ಬಿಟ್ಟ.

"ನಿಮ್ಮ ಯಜಮಾನರು ಏನೂ ಹೇಳಲಿಲ್ವಾ?"

"ನೆನಪಿಲ್ಲ ಅಂದ್ರು."

ಅವನು ಸ್ಟೂಲು ಎಳೆದು ಅವಳ ಮುಂದಿಟ್ಟ.

"ಕೂತ್ಕೊಳ್ಳಿ ತಂಗಿ. ನಾನೂ ಅವತ್ತು ಸರಿಯಾಗಿ ನಡ್ಕೊಳ್ಳಲಿಲ್ಲ. ಎಲ್ಲ ಗೊತ್ತಿದ್ದೂ ಅರ್ಧ ಹೇಳಿ ಬಂದೆ. ಚಿಕ್ಕಂದಿನಿಂದ ಆ ಪುಸ್ತಕಗಳ ಮೇಲೆ ಕಣ್ಣಿಟ್ಟಿದ್ದೋನು ನಾನು. ಹೊಟ್ಟೆ ಉರೀತಿತ್ತು."

ಅವಳು ಕೂತಳು.

"ಅಕ್ಕನಿಗೆ ಕಾಯಿಲೆ ಇದೆ ಅಂತ ಗೊತ್ತಾದ ದಿನ ಅದು. ಆಸ್ಪತ್ರೆಯಿಂದ ಒಬ್ಬಳೇ ಬರ್ತಿದ್ದಾಗ ಲಿಫ್ಟ್ ಮಧ್ಯದಲ್ಲಿ ನಿಂತುಬಿಡ್ತು. ದೀಪಾನೂ ಇಲ್ಲ. ಹೆದರಿ ಕೂಗಿಕೊಂಡಿದಾಳೆ. ಹೊರಗಡೆಯಿಂದ ನಿಮ್ಮವರು, 'ನಾನಿದೀನಿ ಮೇಡಂ, ತೆಗೀತೀನಿ' ಅಂದ್ರಂತೆ. 'ಮಾತಾಡ್ತಾ ಇರಿ, ನಿಲ್ಲಿಸಬೇಡಿ' ಅಂದಳಂತೆ ಅಕ್ಕ."

"ಅವರಾ? ಮಾತಾಡೋದಾ?"

"ಏನು ಮಾತಾಡ್ಲಿ ಅಂತ ಮೊದಲು ತಡವರಿಸಿದ್ರಂತೆ. ಆಮೇಲೆ ಶುರು ಮಾಡಿದೋರು ಲಿಫ್ಟ್ ಸರಿಹೋಗೋ ತನಕ ನಿಲ್ಲಿಸಲಿಲ್ಲ. ಎಲ್ಲ ನಿಮ್ಮ ವಿಷಯಾನೇ."

ಅವಳು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡಳು.

"ಮದುವೆಯಾದ ಹೊಸದರಲ್ಲಿ ನೀವು ಸದಾ ಓದ್ತಿದ್ರಂತೆ. ಓದುವಾಗ ನಿಮ್ಮ ತುಟಿ ಅಲ್ಲಾಡುತ್ತಂತೆ, ಅದನ್ನ ನೋಡ್ತಾ ಕೂತ್ರೆ ಅವರಿಗೆ ಹಸಿವೇ ಆಗ್ತಿರಲಿಲ್ಲವಂತೆ. ರಟ್ಟು ಕಿತ್ತುಹೋದ ಒಂದು ಕಾದಂಬರಿ, ದೋಣಿ ನಡೆಸೋ ಹುಡುಗಿ ಕಥೆ. ದಿನಾ ರಾತ್ರಿ ಊಟಕ್ಕೆ ಕೂತಾಗ ನೀವು ಅದನ್ನ ಅವರಿಗೆ ಹೇಳ್ತಿದ್ರಂತೆ. ಮುಗಿಯೋ ಮುಂಚೆ ಲೈಬ್ರರಿಯವರು ವಾಪಸ್ ತಗೊಂಡ್ರಂತೆ. ಆಮೇಲೆ ಹೊಲಿಗೆ ಕೆಲಸ ಜಾಸ್ತಿಯಾಗಿ ನೀವು ಓದೋದೇ ಬಿಟ್ರಿ. 'ಅವಳ ಆ ಮುಖ ಮತ್ತೆ ನೋಡೋಕೆ ಸಿಗಲಿಲ್ಲ ಮೇಡಂ' ಅಂದ್ರಂತೆ."

ಅಂಗಡಿಯ ಸಾಲು ಸಾಲು ಡಬ್ಬಿಗಳು ಅವಳ ಕಣ್ಣಲ್ಲಿ ಕಲಸಿಹೋದವು.

"ಕೊನೇ ದಿನಗಳಲ್ಲಿ ಅಕ್ಕ ನನಗೆ ಹೇಳಿದಳು. 'ಅವತ್ತು ಲಿಫ್ಟಲ್ಲಿ ಕೂತು, ನನ್ನ ಬಗ್ಗೆ ಹೀಗೆ ಮಾತಾಡೋರು ಒಬ್ಬರಿದ್ದಿದ್ರೆ ಅಂತ ಆ ಹೆಣ್ಣಿನ ಮೇಲೆ ಹೊಟ್ಟೆಕಿಚ್ಚು ಬಂತು ಕಣೋ. ಸಾಯೋ ಹೊತ್ತಲ್ಲಿ ಅದನ್ನ ಇಟ್ಕೊಂಡು ಹೋಗೋದು ಬೇಡ. ಪುಸ್ತಕ ಅವಳಿಗೆ ಸೇರಲಿ. ಆ ಮನುಷ್ಯನ ಕೈಯಿಂದಲೇ ಸೇರಲಿ.'"

ಅವಳು ಚೀಲಗಳನ್ನು ಎತ್ತಿಕೊಂಡು ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಒಂದು ಚೀಲವನ್ನು ಅವನ ಮೇಜಿನ ಮೇಲಿಟ್ಟಳು.

"ಇದು ನಿಮಗಿರಲಿ ಅಣ್ಣ. ಬೇರೆ ಬೇಕಾದ್ರೂ ಬಂದು ತಗೊಂಡು ಹೋಗಿ."

ಅವನು ಚೀಲವನ್ನು ಎರಡೂ ಕೈಯಿಂದ ಹತ್ತಿರ ಎಳೆದುಕೊಂಡ.

ಅವಳು ಮನೆಗೆ ಬಂದಾಗ ಗಂಡ ಬೇಗ ಬಂದು ಮತ್ತೆ ಚಿಕ್ಕ ಕೋಣೆಯಲ್ಲಿದ್ದ. ಈ ಸಲ ಅವಳು ಬಾಗಿಲಲ್ಲಿ ನಿಲ್ಲಲಿಲ್ಲ. ಹೋಗಿ ಅವನ ಎದುರಿಗೇ ನೆಲದ ಮೇಲೆ ಕೂತಳು.

"ದೋಣಿ ಹುಡುಗಿ ಸಿಕ್ಕಳಾ?"

ಅವನ ಕೈಯಲ್ಲಿದ್ದ ಪುಸ್ತಕ ಜಾರಿತು. "ಯಾರು ಹೇಳಿದ್ರು?"

"ಪೇಂಟ್ ಅಂಗಡಿಗೆ ಹೋಗಿದ್ದೆ."

"ಆ ಪುಸ್ತಕದ ಹೆಸರೇ ಗೊತ್ತಿಲ್ಲ ನೋಡು... ಅದಕ್ಕೇ ಒಂದೊಂದನ್ನೂ ತೆಗೆದು ನೋಡ್ತಿದೀನಿ. ಇನ್ನೂ ಸಿಕ್ಕಿಲ್ಲ." ಅವನು ತಲೆ ತಗ್ಗಿಸಿದ. "ಸಿಕ್ಕ ಮೇಲೆ ಹೇಳೋಣ ಅಂತಿದ್ದೆ. ಈಗ ಸಮಾಧಾನ ಆಯ್ತಾ?"

"ಇಲ್ಲ. ಮೊದಲಿಗಿಂತ ಜಾಸ್ತಿ ಹೊಟ್ಟೆ ಉರೀತಿದೆ."

"ಮತ್ಯಾಕೆ?"

"ಅದೆಲ್ಲ ನಾನು ಕೇಳಬೇಕಾದ ಮಾತು. ಅವರು ಕೇಳಿಸಿಕೊಂಡ್ರು, ಅವರ ತಮ್ಮನೂ ಕೇಳಿಸಿಕೊಂಡ. ಎಲ್ಲರದೂ ಆದ ಮೇಲೆ ನನ್ನ ಪಾಲು. ಎಂಟು ವರ್ಷದಲ್ಲಿ ನನ್ನ ಹತ್ತಿರ ಯಾಕೆ ಒಂದು ಮಾತೂ ಆಡಲಿಲ್ಲ?"

ಅವನು ಗ್ರೀಸಿನ ಕಲೆ ಹೋಗದ ಉಗುರುಗಳನ್ನೇ ನೋಡಿಕೊಂಡ.

"ನಿನ್ನ ಮುಖ ನೋಡಿದ್ರೆ ಬಾಯೇ ಬರಲ್ಲ ಕಣೇ. ಅವತ್ತು ಮಧ್ಯೆ ಬಾಗಿಲಿತ್ತು."

ಅವಳು ಅವನನ್ನೇ ದಿಟ್ಟಿಸಿದಳು. ಆಮೇಲೆ ಎದ್ದು, ತೋಳು ಹಿಡಿದು ಎಬ್ಬಿಸಿ, ಕೋಣೆಯಿಂದ ಆಚೆ ತಳ್ಳಿ ಚಿಲಕ ಹಾಕಿಕೊಂಡಳು. ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ಈಗ ಹೇಳಿ."

ಅತ್ತೆಯ ಚಪ್ಪಲಿಯ ಸಪ್ಪಳ ಹತ್ತಿರ ಬಂತು.

"ಏನೋ ಇದು? ಆಚೆ ಹಾಕಿದಳಾ?"

"ಇಲ್ಲಮ್ಮ. ಮಾತಾಡ್ತಿದೀವಿ."

"ಇದ್ಯಾವ ಸೀಮೆ ಮಾತೋ..." ಚಪ್ಪಲಿ ದೂರವಾಯಿತು.

ಬಾಗಿಲು ಸ್ವಲ್ಪ ಅಲುಗಿತು. ಅವನೂ ಆ ಕಡೆ ಬೆನ್ನು ಕೊಟ್ಟು ಕೂತಿರಬೇಕು. ಹಲಗೆಯ ಮೂಲಕ ಅವನ ಉಸಿರು ಕೇಳುತ್ತಿತ್ತು.

"ಅವತ್ತು ಲಿಫ್ಟ್ ಬಾಗಿಲು ತೆಗೆದಾಗ ನನಗೆ ಸ್ವಲ್ಪ ಬೇಜಾರೇ ಆಯ್ತು," ಎಂದ. "ಇನ್ನೂ ಒಂದು ಉಳಿದಿತ್ತು. ಅದನ್ನ ಅವರಿಗೂ ಹೇಳಲಿಲ್ಲ."

"ಯಾರಿಗೂ?"

"ಯಾರಿಗೂ."

ಅವಳು ಕಿವಿಯನ್ನು ಹಲಗೆಗೆ ಒತ್ತಿದಳು. "ಏನದು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಆಮೇಲೆ, ಬಾಗಿಲಿಗೇ ಹೇಳಿದಷ್ಟು ಮೆಲ್ಲಗೆ...

"ನೀನಂದ್ರೆ ನನಗೆ ಪ್ರಾಣ ಕಣೇ. ಅದನ್ನ ಬೇರೆಯವರ ಹತ್ರ ಹೇಳೋಕಾಗುತ್ತಾ?"

ಇಷ್ಟು ದಿನ ಎದೆಯಲ್ಲಿ ಚುಚ್ಚುತ್ತಿದ್ದದ್ದು ಆ ಒಂದು ಮಾತಿಗೆ ಕಳಚಿ ಬಿತ್ತು. ಇದು ಯಾವ ಪಾಲುದಾರರೂ ಇಲ್ಲದ, ಪೂರ್ತಿ ಅವಳದೇ ಮಾತು. ಅವಳು ಅಳುತ್ತಲೇ ನಕ್ಕಳು.

"ಬಾಗಿಲು ತೆಗೀತೀಯಾ?" ಅವನ ದನಿಯಲ್ಲಿ ಅಂಜಿಕೆ.

"ಇನ್ನೊಂದು ಸಲ ಹೇಳಿ. ಆಮೇಲೆ ತೆಗೀತೀನಿ."

ಅವನು ಹೇಳಿದ. ಈ ಸಲ ಸ್ವಲ್ಪ ಜೋರಾಗಿಯೇ ಹೇಳಿದ.