ಹದಿಮೂರನೆಯ ಗಂಟೆ

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹನ್ನೊಂದು ನಿಮಿಷಕ್ಕೆ ತುಮಾಯಿನಿಯ ಬೆರಳಿನ ಉಂಗುರ ಕೆಂಪಾಯಿತು. ಆಗ ಅವಳು ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಧಾರವಾಡದ ಹಾಸ್ಟೆಲಿನ ಮೂರನೆಯ ಮಹಡಿಯ ಕೋಣೆಯಲ್ಲಿ, ಮಂಚದ ಮೇಲೆ ಕಾಲು ಮಡಚಿ ಕೂತು, ಆಫ್ರಿಕಾದ ಇರಿಂಗಾ ಎಂಬ ಊರಿನಲ್ಲಿದ್ದ ತಾಯಿಯೊಡನೆ ಫೋನಿನಲ್ಲಿ ಮಾತನಾಡುತ್ತಿದ್ದಳು.

"ಗೆಳತಿಯರು ಹೇಗಿದ್ದಾರೆ?" ಎಂದು ತಾಯಿ ತಮ್ಮ ಭಾಷೆಯಲ್ಲಿ ಕೇಳಿದಳು.

"ಚೆನ್ನಾಗಿದ್ದಾರೆ, ಮಾಮಾ. ಈಗಷ್ಟೇ ಜಯಶ್ರೀ ಬಂದು ಹೋದಳು. ರೇಖಾಗೆ ಸ್ವಲ್ಪ ನೆಗಡಿ."

"ಇಬ್ಬರಿಗೂ ಒಂದೊಂದು ಬುಟ್ಟಿ ಹೆಣೆಯುತ್ತಿದ್ದೇನೆ. ಜಯಶ್ರೀಗೆ ಯಾವ ಬಣ್ಣ ಇಷ್ಟ, ಕೇಳಿ ಹೇಳು."

"ಕೇಳುತ್ತೇನೆ," ಎಂದು ತುಮಾಯಿನಿ ನಕ್ಕಳು. ಕೆಂಪು ಬೆಳಕು ಫೋನಿನ ಕ್ಯಾಮೆರಾ ಕಣ್ಣಿಗೆ ಬೀಳದಂತೆ ಎಡಗೈಯನ್ನು ದಿಂಬಿನ ಕೆಳಗೆ ತೂರಿಸಿದಳು. ಐದು ಗಂಟೆಯವರೆಗೂ ಹಾಗೆಯೇ ನಗುತ್ತಿದ್ದಳು. ಫೋನು ಇಟ್ಟ ಮೇಲೆ ಎದುರಿನ ಖಾಲಿ ಮಂಚವನ್ನು ನೋಡುತ್ತ ಕೂತಳು. ಆ ಮಂಚದ ಹುಡುಗಿ ಮೊದಲನೆಯ ತಿಂಗಳಲ್ಲೇ ತನ್ನ ಊರಿನವರ ಕೋಣೆಗೆ ಹೊರಟುಹೋಗಿದ್ದಳು.

ಉಂಗುರ ಕೆಂಪಾದದ್ದು ಇದು ಮೂರನೆಯ ಸಲ. ಮೂರು ಸಲ ಕೆಂಪಾದರೆ ವಿದ್ಯಾರ್ಥಿ ವೀಸಾ ರದ್ದಾಗುತ್ತಿತ್ತು. ಹದಿನೈದು ದಿನಗಳಲ್ಲಿ ದೇಶ ಬಿಡಬೇಕಾಗುತ್ತಿತ್ತು.

ಆ ಉಂಗುರದ ಹೆಸರು ಶ್ರಮಮುದ್ರಿಕೆ. ಓದಲು ಬಂದ ವಿದೇಶೀಯರು ವಾರಕ್ಕೆ ಹನ್ನೆರಡು ಗಂಟೆ ಮಾತ್ರ ದುಡಿಯಬಹುದೆಂಬ ನಿಯಮ ಬಂದಾಗ, ಅದನ್ನು ಅಳೆಯುವುದು ಹೇಗೆಂಬ ಪ್ರಶ್ನೆ ಎದ್ದಿತು. ಮಾಲೀಕರ ಹಾಜರಿ ಪುಸ್ತಕವನ್ನು ಯಾರೂ ನಂಬಲಿಲ್ಲ. ವಿದ್ಯಾರ್ಥಿ ಎಲ್ಲಿದ್ದಾನೆಂದು ತಿಳಿಸುವ ಯಂತ್ರ ತಂದರು; ಹೋಟೆಲಿನಲ್ಲಿ ಉಣ್ಣುವವನು ಯಾರು, ಬಡಿಸುವವನು ಯಾರು ಎಂಬುದು ಅದಕ್ಕೆ ತಿಳಿಯಲಿಲ್ಲ. ಮೈಯ ಚಲನೆ ಅಳೆಯುವ ಯಂತ್ರ ಬಂತು. ಅದು ಫುಟ್‌ಬಾಲ್ ಆಡಿದ ಹುಡುಗರನ್ನೆಲ್ಲ ಹಮಾಲರೆಂದು ಬರೆದುಕೊಂಡಿತು.

ಕೊನೆಗೆ ಡಾ. ಪ್ರಹ್ಲಾದ ಅಣ್ಣಿಗೇರಿ ಎಂಬ ವಿಜ್ಞಾನಿ ಬೇರೆ ದಾರಿ ಹಿಡಿದರು. ಮನುಷ್ಯ ತನಗಾಗಿ ಏನಾದರೂ ಮಾಡುವಾಗ ಮನಸ್ಸು ಸಡಿಲವಾಗಿರುತ್ತದೆ. ಇನ್ನೊಬ್ಬರಿಗಾಗಿ ದುಡಿಯುವಾಗ ಮನಸ್ಸಿನ ಒಂದು ಭಾಗ ಎದ್ದು ಕಾವಲು ನಿಲ್ಲುತ್ತದೆ: ಮಾಡಿದ್ದು ಸರಿಯಾಯಿತೇ, ಅವರಿಗೆ ಒಪ್ಪಿಗೆಯಾಯಿತೇ, ಇನ್ನೆಷ್ಟು ಹೊತ್ತು ಉಳಿದಿದೆ? ಆ ಹೊತ್ತಿನಲ್ಲಿ ಉಸಿರು, ಎದೆಬಡಿತ ಮತ್ತು ಬೆರಳ ತುದಿಯ ಬೆವರು ಮೂರೂ ಒಂದು ಗೊತ್ತಾದ ರೀತಿಯಲ್ಲಿ ಬದಲಾಗುತ್ತವೆ. ಅಣ್ಣಿಗೇರಿಯವರು ಅದಕ್ಕೆ ಕಾವಲು ಲಯ ಎಂದು ಹೆಸರಿಟ್ಟರು. ಓದಿನ ಲಯ ಬೇರೆ. ಮೊದಲ ವಾರ ಪ್ರತಿ ವಿದ್ಯಾರ್ಥಿಯನ್ನೂ ಓದಲು ಕೂರಿಸಿ ಅದನ್ನು ಉಂಗುರಕ್ಕೆ ಕಲಿಸಲಾಗುತ್ತಿತ್ತು. ಆಮೇಲೆ ಉಂಗುರ ಕಾವಲು ಲಯದ ನಿಮಿಷಗಳನ್ನು ಮಾತ್ರ ಎಣಿಸುತ್ತಿತ್ತು. ಸೋಮವಾರ ಬೆಳಿಗ್ಗೆ ಎಣಿಕೆ ಶೂನ್ಯಕ್ಕೆ ಮರಳುತ್ತಿತ್ತು. ಹನ್ನೆರಡು ಗಂಟೆಯ ಮೇಲೆ ಹತ್ತು ನಿಮಿಷದ ರಿಯಾಯಿತಿ ಇತ್ತು. ಅದನ್ನೂ ದಾಟಿದರೆ ಉಂಗುರ ಕೆಂಪಾಗಿ, ನೋಂದಣಿ ಕಚೇರಿಗೆ ತಾನೇ ವರದಿ ಕಳಿಸುತ್ತಿತ್ತು.

ತುಮಾಯಿನಿ ಬೀಜ ವಿಜ್ಞಾನ ಓದುತ್ತಿದ್ದಳು. ವಾರದಲ್ಲಿ ನಾಲ್ಕು ದಿನ, ದಿನಕ್ಕೆ ಮೂರು ಗಂಟೆ, ಗುರವ್ವ ಸಂಕಣ್ಣವರ ಎಂಬುವಳ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕನೆಯ ದಿನವನ್ನು ಮೂರು ವಾರಗಳ ಹಿಂದಷ್ಟೇ ಸೇರಿಸಿಕೊಂಡಿದ್ದಳು; ಹನ್ನೆರಡು ಗಂಟೆ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಗಂಟೆ ಕಡಿಮೆ ಮಾಡಿಕೊಂಡಿದ್ದರೆ ಉಂಗುರ ಕೆಂಪಾಗುತ್ತಿರಲಿಲ್ಲ. ಆದರೆ ಆ ಗಂಟೆಗಳಲ್ಲಿ ಒಂದನ್ನೂ ಬಿಡಲು ಅವಳಿಗೆ ಮನಸ್ಸಿರಲಿಲ್ಲ. ವಾರದಲ್ಲಿ ಯಾರಾದರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಆಗ ಮಾತ್ರ.

ಸೋಮವಾರ ಎಣಿಕೆ ಶೂನ್ಯಕ್ಕೆ ಬಂದರೂ ಕೆಂಪು ಆರಿರಲಿಲ್ಲ. ವಿಚಾರಣೆಯಾಗುವವರೆಗೆ ಅದು ಆರುವುದೂ ಇಲ್ಲ.

"ಏನವಾ ತುಮವ್ವ, ಬೆರಳಿಗೆ ಕೆಂಡ ಕಟಗೊಂಡ ಬಂದೀಯಲ್ಲ?" ಎಂದಳು ಗುರವ್ವ. ಅವಳಿಗೆ ಐವತ್ತೈದು ವರ್ಷ. ತುಮಾಯಿನಿ ಎಂಬುದು ನಾಲಿಗೆಗೆ ಹೊರಳದೆ, ಮೊದಲನೆಯ ದಿನವೇ ಆ ಹೆಸರಿಗೊಂದು ಅವ್ವ ಸೇರಿಸಿ ಸರಿಮಾಡಿಕೊಂಡಿದ್ದಳು.

"ನಿನ್ನಿ ಐತವಾರ ಮೂರನೇದ್ದು ಆತ್ರಿ," ಎಂದಳು ತುಮಾಯಿನಿ. ಅವಳ ಕನ್ನಡ ಈ ಒಲೆಯ ಮುಂದೆಯೇ ಕಲಿತದ್ದು. "ಗುರುವಾರ ಕಚೇರಿಗೆ ಕರದಾರ."

ಗುರವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಬ್ಯಾರೆ ಕಡೆ ಎಲ್ಲಿಗರ ಹೊಂಟೀಯೇನ? ಖರೇ ಹೇಳು, ನಾ ಬೈಯೂದಿಲ್ಲ."

"ಇಲ್ರಿ."

"ಮತ್ತ ಐತವಾರ ಏನ ಮಾಡ್ತಿ?"

"ಏನೂ ಇಲ್ರಿ. ಮಾಮಾನ ಜೋಡಿ ಮಾತಾಡ್ತೀನಿ."

"ಹಡದ ತಾಯಿಗೆ ಮಾಮಾ ಅಂತಾಳ ನೋಡ್ರಿ ಈಕಿ," ಎಂದು ಗುರವ್ವ ಉಣ್ಣಲು ಕೂತವರಿಗೆಲ್ಲ ಕೇಳುವಂತೆ ಹೇಳಿ ನಕ್ಕಳು. ದಿನವೂ ನಗುವ ಮಾತೇ ಅದು. ಆದರೆ ಈ ಸಲ ನಗು ಬೇಗ ನಿಂತಿತು. "ಊರಿಗೆ ಕಳಸ್ತಾರೇನ ನಿನ್ನ?"

ತುಮಾಯಿನಿ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿಹಾಕಿದಳು. ಅವಳನ್ನು ಓದಲು ಕಳಿಸುವಾಗ ಮನೆಯಲ್ಲಿ ದೊಡ್ಡ ಜಗಳವಾಗಿತ್ತು. ಹೆಣ್ಣುಹುಡುಗಿ ಗೊತ್ತಿಲ್ಲದ ದೇಶದಲ್ಲಿ ಒಂದು ವರ್ಷವೂ ನಿಲ್ಲುವುದಿಲ್ಲ, ಅಳುತ್ತ ಬರುತ್ತಾಳೆ ಎಂದು ದೊಡ್ಡಪ್ಪಂದಿರು ಹೇಳಿದ್ದರು. ತಾಯಿ ಒಬ್ಬಳೇ ಅವರೆಲ್ಲರ ಎದುರು ನಿಂತು, ನನ್ನ ಮಗಳು ನಿಲ್ಲುತ್ತಾಳೆ ಎಂದಿದ್ದಳು. ಹಾಗೆಂದ ತಾಯಿಗೆ ಕೋಣೆಯ ಖಾಲಿ ಮಂಚದ ಸುದ್ದಿ ಹೇಳುವುದು ಹೇಗೆ?

ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ ಆರಂಭವಾಯಿತು. ಮೇಜಿನ ಆ ಬದಿಗೆ ನೋಂದಣಿ ಅಧಿಕಾರಿ ಸವಣೂರ ಸಾಹೇಬರು ಕೂತಿದ್ದರು. ಮೂರನೆಯ ಕೆಂಪಿನ ವಿಚಾರಣೆಯಲ್ಲಿ ತಜ್ಞರೊಬ್ಬರು ಇರಲೇಬೇಕು. ಊರಿನವರೇ ಆದ್ದರಿಂದ ಅಣ್ಣಿಗೇರಿಯವರು ತಾವೇ ಬಂದಿದ್ದರು. ಕರೆಯದಿದ್ದರೂ ಬಂದವಳು ಗುರವ್ವ. ಖಾನಾವಳಿಗೆ ಬೀಗ ಹಾಕಿ, ಇಳಕಲ್ ಸೀರೆ ಉಟ್ಟು, ತುಮಾಯಿನಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

"ಮೂರು ಭಾನುವಾರ, ಮೂರೂ ಸಲ ನಾಲ್ಕರಿಂದ ಐದು," ಎಂದು ಸವಣೂರರು ಪರದೆಯನ್ನು ನೋಡಿ ಓದಿದರು. "ಆ ಹೊತ್ತಿನ್ಯಾಗ ಎಲ್ಲಿ ಕೆಲಸ ಮಾಡಿದ್ರಿ?"

"ಎಲ್ಲೂ ಇಲ್ರಿ," ಎಂದಳು ತುಮಾಯಿನಿ ನೆಲ ನೋಡುತ್ತ.

"ಉಂಗುರ ಸುಳ್ಳು ಹೇಳೂದಿಲ್ಲಮ್ಮ."

"ಅಲ್ರಿ ಸಾಹೇಬ್ರ, ಕೆಲಸಾ ಮಾಡ್ಯಾರೋ ಆಟಾ ಆಡ್ಯಾರೋ ಆ ಉಂಗರಕ್ಕ ಹೆಂಗ ಗೊತ್ತಾಗತೈತ್ರಿ?" ಎಂದು ಗುರವ್ವ ನಡುವೆ ಬಾಯಿ ಹಾಕಿದಳು.

ಅಣ್ಣಿಗೇರಿಯವರಿಗೆ ಈ ಪ್ರಶ್ನೆ ಯಾರು ಕೇಳಿದರೂ ಸಂತೋಷವೇ. "ಈಗ ನೋಡ್ರಿ ಅಕ್ಕಾರ, ನೀವು ನಿಮ್ಮ ಮನಿಯಾಗ ನಿಮ್ಮ ಹೊಟ್ಟಿಗೆ ರೊಟ್ಟಿ ಬಡೀತೀರಿ. ಒಂದು ಸುಟ್ಟರೂ ಚಿಂತಿಲ್ಲ. ಅದಽ ಗಿರಾಕಿಗೆ ಬಡಿಯೂ ಮುಂದ ಮನಸಿನ್ಯಾಗ ಒಬ್ಬಾಂವ ಕಾವಲುಗಾರ ಎದ್ದು ಕೂಡ್ತಾನ. ಉಂಗುರ ನೋಡೂದು ಆ ಕಾವಲುಗಾರನ್ನ. ಕೈಯಾಗಿನ ಕೆಲಸಾ ಅಲ್ಲ."

ಗುರವ್ವ ಏನೋ ನಿಶ್ಚಯಿಸಿದವಳಂತೆ ಸೆರಗು ಸರಿಮಾಡಿಕೊಂಡಳು. "ಹಂಗಾರ ಹೇಳಿಬಿಡ್ತೀನ್ರಿ. ಐತವಾರ ಈ ಹುಡುಗಿ ನನ್ನ ಮನಿಯಾಗಽ ಇರತಾಳ. ಸೊಪ್ಪು ಸೋಸೂದು, ಒಂದಿಷ್ಟು ಹಿಟ್ಟು ನಾದೂದು, ಕೈ ಹಚ್ಚತಾಳ. ಅದೇನ ಕೆಲಸಾ ಅಲ್ರಿ ಮತ್ತ. ಮನಿ ಮಗಳು ಅವ್ವಗ ಕೈ ಹಚ್ಚಿದ್ರ ಅದಕ್ಕ ಯಾರರ ಕೆಲಸಾ ಅಂತಾರೇನ್ರಿ?"

ಅಡಿಗೆಮನೆಗೆ ಬಂದವರು ಸುಮ್ಮನೆ ಕೂರುವುದಿಲ್ಲ, ಬಂದವರನ್ನು ಬೇರೆಯವರೆಂದು ಎಣಿಸುವುದೂ ಇಲ್ಲ. ಗುರವ್ವನ ಓಣಿಯಲ್ಲಿ ಅದೇ ನಡೆದುಬಂದದ್ದು. ಮಗಳೆಂದರೆ ಮಾತು ಮುಗಿಯಿತು ಎಂದು ಅವಳು ನಂಬಿದ್ದಳು.

ಸವಣೂರರು ಕನ್ನಡಕ ತೆಗೆದರು. "ಅಕ್ಕಾರ, ಇದನ್ನ ಹೇಳಬಾರದಾಗಿತ್ತು ನೀವು. ಭಾನುವಾರ ಕೆಲಸಕ್ಕ ಹಚ್ಚಗೊಳ್ಳಾಕ ನಿಮಗ ಪರವಾನಗಿ ಇಲ್ಲ. ಬರಕೊಂಡ್ರ ಈಕಿ ವೀಸಾನೂ ಹೋಗತೈತಿ, ನಿಮ್ಮ ಖಾನಾವಳಿ ಪರವಾನಗಿನೂ ಹೋಗತೈತಿ."

ಅಧಿಕಾರಿಯ ಬೆರಳು ಬರೆಯುವ ಪರದೆಯ ಕಡೆಗೆ ಹೋಗುವುದನ್ನು ತುಮಾಯಿನಿ ಕಂಡಳು.

"ಬರೀಬ್ಯಾಡ್ರಿ," ಎಂದಳು. ಅವಳ ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಹೊಸದು. "ನಾ ಅವರ ಮನೀಗೆ ಹೋಗಿಲ್ರಿ. ಐತವಾರ ಒಮ್ಮೆನೂ ಹೋಗಿಲ್ಲ. ಅವರು ಕರದ್ರೂ ನಾಚಿಕಿ ಅನಿಸಿ ಹೋಗಿಲ್ಲ. ಕೋಣ್ಯಾಗಽ ಇದ್ದೆ. ನಮ್ಮ ತಾಯಿ ಜೋಡಿ ಮಾತಾಡ್ತಿದ್ದೆ. ಆವಾಗಽ ಉಂಗುರ ಕೆಂಪ ಆಗತೈತಿ."

"ತಾಯಿ ಜೋಡಿ ಮಾತಾಡೂದು ಕೆಲಸಾ ಹೆಂಗ ಆಗ್ತದ?" ಎಂದು ಅಣ್ಣಿಗೇರಿಯವರು ಮುಂದಕ್ಕೆ ಬಾಗಿದರು. "ಉಂಗುರ ಕೆಟ್ಟಿರಬೇಕು. ಈಗ ಇಲ್ಲೇ ಮಾತಾಡ್ತೀಯೇನವಾ? ನೋಡೇಬಿಡೂಣು."

ಉಂಗುರದ ಎಣಿಕೆ ಮೇಜಿನ ಮೇಲಿನ ಪರದೆಯಲ್ಲಿ ಕಾಣುತ್ತಿತ್ತು. ಆ ವಾರದಲ್ಲಿ ಅಲ್ಲಿಯವರೆಗೆ ಆರು ಗಂಟೆ. ತುಮಾಯಿನಿ ಫೋನು ಹಚ್ಚಿದಳು.

ತಾಯಿ ಗಾಬರಿಯಿಂದಲೇ ಫೋನು ಎತ್ತಿದಳು. ತುಮಾಯಿನಿ ತಕ್ಷಣ ನಕ್ಕಳು. ಭುಜಗಳು ನೆಟ್ಟಗಾದವು, ಕಣ್ಣು ಅಗಲವಾದವು. ತಮ್ಮ ಭಾಷೆಯಲ್ಲಿ ಒಂದೇ ಸಮನೆ ಮಾತನಾಡತೊಡಗಿದಳು. ಉಂಗುರ ಗೊತ್ತಿಲ್ಲದ, ಭಾಷೆ ತಿಳಿಯದ ಯಾರೇ ಆಗಲಿ, ಎಷ್ಟು ಸುಖವಾಗಿರುವ ಹುಡುಗಿ ಎನ್ನಬೇಕು, ಹಾಗೆ.

ಪರದೆಯಲ್ಲಿ ಆರು ಗಂಟೆ ಒಂದು ನಿಮಿಷವಾಯಿತು. ಎರಡಾಯಿತು. ಮೂರಾಯಿತು. ನಾಲ್ಕನೆಯ ನಿಮಿಷಕ್ಕೆ ಅವಳು ಮಾತು ಮುಗಿಸಿದಳು. ನಗು ಮುಖದಿಂದ ಇಳಿಯಿತು, ಎಣಿಕೆ ಅಲ್ಲಿಗೇ ನಿಂತಿತು.

ಅಣ್ಣಿಗೇರಿಯವರು ಮೆಲ್ಲಗೆ ಕೇಳಿದರು, "ಏನ ಹೇಳಿದಿ ಅವರಿಗೆ?"

"ಇವತ್ತು ಕಾಲೇಜು ಸೂಟಿ ಅಂದೆ. ಜಯಶ್ರೀ, ರೇಖಾ ಜೋಡಿ ಕೆರಿ ನೋಡಾಕ ಬಂದೀನಿ ಅಂದೆ. ಅವರು ಫೋಟೋ ತೆಗಸ್ಕೊಳ್ಳಾಕ ಆ ಕಡೆ ಹೋಗ್ಯಾರ ಅಂದೆ."

"ಜಯಶ್ರೀ ಯಾರವಾ?" ಎಂದಳು ಗುರವ್ವ. "ನನಗ ಒಮ್ಮೆನೂ ಹೇಳಿಲ್ಲಲ್ಲ."

ತುಮಾಯಿನಿ ಉಂಗುರವನ್ನು ಬೆರಳಲ್ಲೇ ಒಂದು ಸುತ್ತು ತಿರುಗಿಸಿದಳು. "ಅಂಗಡಿ ರೀ. ಜಯಶ್ರೀ ಸ್ಟೋರ್ಸ್. ಹಾಸ್ಟೆಲ್ ಹಿಂದ ಐತಿ. ರೇಖಾ ಅಂದ್ರ ರೇಖಾ ಟೇಲರ್ಸ್. ಬೋರ್ಡ್ ಓದಿ ಕನ್ನಡ ಕಲಿಯೂ ಮುಂದ ಆ ಹೆಸರು ಸಿಕ್ಕಿದ್ವು."

ಗುರವ್ವ ಮುಖ ಆ ಕಡೆ ತಿರುಗಿಸಿದಳು. ಸವಣೂರರು ಕನ್ನಡಕದ ಗಾಜನ್ನು ಬಹಳ ಹೊತ್ತು ಒರೆಸಿದರು.

"ಉಂಗುರ ಕೆಟ್ಟಿಲ್ಲ," ಎಂದು ಅಣ್ಣಿಗೇರಿಯವರು ಕೊನೆಗೆ ಹೇಳಿದರು. "ಕಾವಲುಗಾರನ್ನ ನೋಡು ಅಂತ ನಾನಽ ಅದಕ್ಕ ಹೇಳಿಕೊಟ್ಟೆ. ಅದು ಬರೋಬ್ಬರಿ ನೋಡಿದೆ. ಅಂವಾ ಇಂಥಾ ಜಾಗಾದಾಗೂ ನಿಂತಿರ್ತಾನ ಅಂತ ನಂಗಽ ಗೊತ್ತಿದ್ದಿಲ್ಲ."

ಆದರೆ ನಿಯಮದಲ್ಲಿ, ಉಂಗುರ ಎಣಿಸಿದ್ದೆಲ್ಲ ಕೆಲಸ ಎಂದೇ ಇತ್ತು. ಮನೆಯವರ ಮುಂದೆ ನಗುವುದಕ್ಕೆ ಬೇರೆ ಕಲಮು ಇರಲಿಲ್ಲ. ಸವಣೂರರು ವೀಸಾ ರದ್ದು ಮಾಡದೆ ಕಡತವನ್ನು ಮೇಲಿನವರಿಗೆ ಕಳಿಸಿದರು. ಅಣ್ಣಿಗೇರಿಯವರು ಅದರ ಜೊತೆಗೆ ಎರಡು ಪುಟದ ಟಿಪ್ಪಣಿ ಬರೆದರು. ಕೆಂಪನ್ನು ಅಂದೇ ಆರಿಸಿ, ಆಜ್ಞೆ ಬರುವವರೆಗೆ ಆ ಉಂಗುರದ ವರದಿಗಳನ್ನು ತಡೆದರು. ಹನ್ನೆರಡನೆಯ ದಿನ ಆಜ್ಞೆ ಬಂತು: ಅರ್ಜಿ ಕೊಟ್ಟ ವಿದ್ಯಾರ್ಥಿಗಳು ವಾರಕ್ಕೆ ಒಂದು ಗಂಟೆ, ಮನೆಯವರೊಡನೆ ಮಾತನಾಡುವ ಅವಧಿಯಲ್ಲಿ, ಶ್ರಮಮುದ್ರಿಕೆಯನ್ನು ಕಳಚಿಡಬಹುದು.

ಇದು ಒಬ್ಬಳಿಗಾಗಿ ಮಾಡಿದ ಸಣ್ಣ ತಿದ್ದುಪಡಿ ಎಂದು ಕಚೇರಿ ಭಾವಿಸಿತ್ತು. ಮೊದಲ ವಾರದಲ್ಲೇ ಆ ಒಂದು ಕಚೇರಿಗೆ ನಾನೂರ ಮೂವತ್ತು ಅರ್ಜಿಗಳು ಬಂದವು. ಕಾರಣ ಬರೆಯಬೇಕಾದ ಜಾಗವನ್ನು ಹೆಚ್ಚಿನವರು ಖಾಲಿ ಬಿಟ್ಟಿದ್ದರು. ಭಾನುವಾರ ಮಧ್ಯಾಹ್ನ ತಮ್ಮ ಪರದೆಯಲ್ಲಿ ನಾನೂರಕ್ಕೂ ಹೆಚ್ಚು ಉಂಗುರಗಳು ಒಂದೊಂದಾಗಿ ಆರುವುದನ್ನು ಅಣ್ಣಿಗೇರಿಯವರು ಊಟ ಬಿಟ್ಟು ನೋಡುತ್ತ ಕೂತರು.

ಒಂದು ಉಂಗುರ ಮಾತ್ರ ಆರಿ ಮತ್ತೆ ಬೆಳಗಿತು.

ತುಮಾಯಿನಿ ನಾಲ್ಕಕ್ಕೆ ಐದು ನಿಮಿಷ ಇರುವಾಗ ಉಂಗುರವನ್ನು ಕಳಚಿ ಸಾಬೂನಿನ ಡಬ್ಬಿಯ ಮೇಲೆ ಇಟ್ಟಿದ್ದಳು. ಬರಿಯ ಬೆರಳು ಹಗುರವೆನಿಸಿತು. ಇನ್ನು ಎಷ್ಟು ವರ್ಷ ಬೇಕಾದರೂ ಹೀಗೆಯೇ ನಗಬಹುದು, ಯಾರೂ ಎಣಿಸುವುದಿಲ್ಲ. ಎದುರಿನ ಮಂಚದ ಕಡೆ ನೋಡಿದಳು. ಉಂಗುರವನ್ನು ಎತ್ತಿ ಮತ್ತೆ ಬೆರಳಿಗೆ ಹಾಕಿಕೊಂಡಳು. ಉಂಗುರದ ಪುಟ್ಟ ಕಿಟಕಿಯಲ್ಲಿ ಎಣಿಕೆ ಹನ್ನೆರಡು ಗಂಟೆ ಎಂದಿತ್ತು.

"ಬುಟ್ಟಿಗಳು ಮುಗಿದವು," ಎಂದಳು ತಾಯಿ ಫೋನು ಎತ್ತಿದ ಕೂಡಲೇ, ಎರಡು ಕೈಯಲ್ಲೂ ಒಂದೊಂದು ಹಿಡಿದು. "ಕೆಂಪು ಅಂಚಿನದು ಜಯಶ್ರೀಗೆ."

ಎಣಿಕೆ ಒಂದು ನಿಮಿಷ ಮುಂದೆ ಹೋಯಿತು.

"ಮಾಮಾ, ಜಯಶ್ರೀ ಅಂದರೆ ಅಂಗಡಿ. ನಾನು ಅಲ್ಲಿ ಸಾಬೂನು ಕೊಳ್ಳುತ್ತೇನೆ."

ತಾಯಿಗೆ ಅರ್ಥವಾಗಲಿಲ್ಲ. ತುಮಾಯಿನಿ ಮತ್ತೊಮ್ಮೆ ಹೇಳಿದಳು. ರೇಖಾಳ ವಿಷಯವನ್ನೂ ಹೇಳಿದಳು. ಫೋನನ್ನು ತಿರುಗಿಸಿ ಖಾಲಿ ಮಂಚವನ್ನು ತೋರಿಸಿದಳು. ಹೇಳುತ್ತ ಅತ್ತಳು, ಮುಖ ಒರೆಸಿಕೊಳ್ಳಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಉಂಗುರದ ಎಣಿಕೆ ಹನ್ನೆರಡು ಗಂಟೆ ಒಂದು ನಿಮಿಷದಲ್ಲೇ ನಿಂತಿತ್ತು.

ತಾಯಿ ಬುಟ್ಟಿಗಳನ್ನು ಕೆಳಗಿಟ್ಟು ಮಗಳನ್ನು ನೋಡಿದಳು. ವಾಪಸು ಬಾ ಎನ್ನಲಿಲ್ಲ. ಅಲ್ಲೇ ಇರು ಎಂದೂ ಹೇಳಲಿಲ್ಲ.

"ಹಾಗಾದರೆ ಈ ಬುಟ್ಟಿಗಳನ್ನು ಯಾರಿಗೆ ಕಳಿಸಲಿ?" ಎಂದು ಕೇಳಿದಳು.

ತುಮಾಯಿನಿ ಮೂಗು ಸೇದಿಕೊಂಡಳು. ಯೋಚಿಸಬೇಕಾಗಲಿಲ್ಲ.

"ಗುರವ್ವ ಅಂತ ಒಬ್ಬರಿದ್ದಾರೆ," ಎಂದಳು. "ಅವರು ನಿಜವಾಗಿ ಇದ್ದಾರೆ, ಮಾಮಾ. ಅವರಿಗೆ ಇನ್ನೊಂದು, ಸ್ವಲ್ಪ ದೊಡ್ಡದು ಹೆಣೆ. ರೊಟ್ಟಿ ಹಿಡಿಯಬೇಕು."