ಮೂರನೇ ಗೂಡು ಖಾಲಿ

"ಏನು ಬೇಕಿತ್ತು?"

ಬಾಗಿಲು ತೆರೆದ ಪೋ-ಯೆನ್ ಕೇಳಿದ್ದು ಇಷ್ಟೇ. ಮದುವೆಯಾಗಬೇಕಿದ್ದವಳು ಮೂರು ವರ್ಷದ ಮೇಲೆ ಎದುರು ನಿಂತರೆ, ಕೊರಿಯರ್ ತಂದವರನ್ನು ಕೇಳುವ ಹಾಗೆ!

ವಾನ್-ಯುಗೆ ಮೆಟ್ರೊದಲ್ಲಿ ನಿಂತು ಕಲಿತುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಚೀಲದಿಂದ, ಟವೆಲಿನಲ್ಲಿ ಸುತ್ತಿದ್ದ ಹಳೇ ಹಾರ್ಡ್ ಡಿಸ್ಕ್ ತೆಗೆದು ಮುಂದೆ ಹಿಡಿದಳು.

"ಬಿಸಾಕಿರ್ತೀಯ ಅಂದ್ಕೊಂಡಿದ್ದೆ," ಎಂದ ಪೋ-ಯೆನ್.

"ಅಮ್ಮನ ದನಿ ಇದ್ರಲ್ಲೇ ಇದೆ ಅಂತ ಜೋಪಾನ ಮಾಡಿದ್ದೆ. ಮೊನ್ನೆ ರಿಪೇರಿ ಅಂಗಡಿಗೆ ಕೊಟ್ರೆ... ಇದೊಂದ್ರಲ್ಲಿ ಏನೂ ಸಿಗಲ್ಲ, ಇದರ ಜೊತೆಯವೆಲ್ಲಿ ಅಂತ ಕೇಳ್ದ."

ಪೋ-ಯೆನ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಕಿಟಕಿಯ ಕೆಳಗೆ, ಡಿಸ್ಕುಗಳನ್ನು ಜೋಡಿಸಿಟ್ಟ ಆ ಪೆಟ್ಟಿಗೆ ಹಾಗೇ ಇತ್ತು. ಅವರಿಬ್ಬರ ಮೊದಲ ಸಂಸಾರವೆಂದರೆ ಅದೇ! ತೈಪೆಯ ಅಂಗಡಿಗಳಲ್ಲಿ ಚೌಕಾಸಿ ಮಾಡಿ ತಂದ ಮೂರು ಹಳೇ ಡಿಸ್ಕ್, ಅವಳ ಅಮ್ಮನ ಕೆಟ್ಟ ಕಂಪ್ಯೂಟರಿನಿಂದ ಬಿಚ್ಚಿದ್ದೊಂದು, ನಾಲ್ಕು ಗೂಡು. ಮನೆಯ ಫೋಟೊಗಳು, ಕೊನೆಯ ದಿನಗಳಲ್ಲಿ ಅಮ್ಮ ಹಾಸಿಗೆಯಲ್ಲೇ ಆಡಿದ ಮಾತುಗಳು, ಎಲ್ಲವೂ ಅದರೊಳಗೆ. ಮಷಿನ್ ಹಟ ಮಾಡದಿರಲೆಂದು ಊರವರೆಲ್ಲ ನಂಬಿಕೆಯಿಂದ ಇಡುವಂತೆ ಇವರೂ ಅದರ ತಲೆಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣ ಇಟ್ಟಿದ್ದರು. ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಯಾರೂ ತಿನ್ನಬಾರದು.

ವಾನ್-ಯು ಒಂದು ದಿನ ಹಸಿವು ತಡೆಯದೆ ತಿಂದುಬಿಟ್ಟಳು!

ಅದೇ ವಾರ ಒಂದು ಡಿಸ್ಕ್ ಕೆಟ್ಟಿತು. ಅಮ್ಮ ತೀರಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ. ಅಳುತ್ತಿದ್ದವಳನ್ನು ನಗಿಸಲು ಪೋ-ಯೆನ್, "ಪೊಟ್ಟಣ ತಿಂದೋರು ಯಾರಮ್ಮಾ?" ಎಂದ.

"ನಮ್ಮಮ್ಮ ನಿಂಗೆ ತಮಾಷೆನಾ? ಗುಜರಿ ಸಾಮಾನಲ್ಲಿ ಅವಳ ದನಿ ಹಾಕಿ ಹಾಳುಮಾಡ್ದೆ!"

'ತಾಳು, ಹೊಸ ಡಿಸ್ಕ್ ಹಾಕ್ತೀನಿ' ಎಂದು ಅವನು ಬೇಡಿಕೊಂಡರೂ ಅವಳು ಕೇಳಲಿಲ್ಲ. ಅಮ್ಮನದೆಲ್ಲ ಅಮ್ಮನ ಡಿಸ್ಕಿನಲ್ಲೇ ಇರುತ್ತದೆಂದು ನಂಬಿ, ಮೂರನೇ ಗೂಡಿನಿಂದ ಅದನ್ನು ಕಿತ್ತುಕೊಂಡು ಹೊರಟುಹೋದಳು.

"ಅತ್ತೆ ದನಿ ಒಂದೇ ಕಡೆ ಇರ್ಲಿಲ್ಲ, ಆ-ಯು," ಪೋ-ಯೆನ್ ಈಗ ಹಳೇ ಮುದ್ದಿನ ಹೆಸರು ಹಿಡಿದು ಮೆಲ್ಲಗೆ ಹೇಳಿದ. "ನಾಲ್ಕರಲ್ಲೂ ಹಂಚಿಹೋಗಿತ್ತು. ಒಂದು ಕೆಟ್ರೆ ಮಿಕ್ಕ ಮೂರು ಸೇರಿ ಉಳಿಸ್ಕೊಳ್ತವೆ. ಎರಡು ಹೋದ್ರೆ... ಮುಗೀತು."

ಒಂದು ತಾನಾಗಿ ಕೆಟ್ಟಿತ್ತು. ಎರಡನೆಯದನ್ನು ಕಿತ್ತವಳು ನಾನೇ! ವಾನ್-ಯುಗೆ ಈಗ ಹೊಳೆಯಿತು.

"ಯಾಕೆ ಹೇಳ್ಲಿಲ್ಲ?"

"ಫೋನ್ ಎತ್ತಿದ್ರೆ ತಾನೇ!"

ಹೌದು, ಅವನ ನಂಬರನ್ನು ಅವಳೇ ಬ್ಲಾಕ್ ಮಾಡಿದ್ದಳು.

ಪೋ-ಯೆನ್ ಡಿಸ್ಕನ್ನು ಮೂರನೇ ಗೂಡಿಗೆ ತಳ್ಳಿದ. ಕೆಂಪು ದೀಪ... ಕೆಂಪೇ... ಕೊನೆಗೆ ದೀಪ ಹಸಿರಾಯಿತು!

ಆದರೆ ಮೂರು ವರ್ಷದಲ್ಲಿ ಹಳೇ ಡಿಸ್ಕುಗಳು ಇನ್ನಷ್ಟು ಸವೆದಿದ್ದವು. ಅಮ್ಮನ ರೆಕಾರ್ಡಿಂಗುಗಳು ಒಂದೊಂದಾಗಿ ತೆರೆಯಲಾರದೆ ನಿಂತವು. ಅಂದೇ ತಾಳಿದ್ದರೆ ಎಲ್ಲವೂ ಉಳಿಯುತ್ತಿತ್ತು... ಅವಳ ಕಣ್ಣೀರು ನಿಲ್ಲಲಿಲ್ಲ.

ಸಂಜೆಯ ಹೊತ್ತಿಗೆ ಉಳಿದದ್ದು ಒಂದೇ ಒಂದು.

"ಪೋ-ಯೆನ್, ಕೇಳ್ತಾ ಇದೀಯೇನಪ್ಪಾ?" ಅಮ್ಮನದೇ ದನಿ! ನಡುವೆ ಕೆಮ್ಮು. "ನಮ್ಮ ಆ-ಯುಗೆ ಹಸಿವಾದ್ರೆ ಸಿಟ್ಟು ಬರತ್ತೆ. ಮೊದ್ಲು ಏನಾದ್ರೂ ತಿನ್ನೋಕೆ ಕೊಡು, ಆಮೇಲೆ ಮಾತಾಡು..."

ಇಬ್ಬರೂ ಬಹಳ ಹೊತ್ತು ಅತ್ತರು.

"ಆವತ್ತು ಆ ಮಾತು ಆಡಬಾರ್ದಿತ್ತು," ಎಂದ ಪೋ-ಯೆನ್.

"ನಾನು ತಾಳಬೇಕಿತ್ತು."

ಕಣ್ಣೊರೆಸಿಕೊಂಡಾಗ ಅವಳಿಗೆ ಪೆಟ್ಟಿಗೆಯ ಮೇಲಿನ ಹಸಿರು ಪೊಟ್ಟಣ ಕಂಡಿತು. ತಾರೀಖು ಮೀರಿರಲಿಲ್ಲ. ಕೈ ತಾನಾಗಿ ಅತ್ತ ಹೋಯಿತು.

"ಏಯ್, ಮುಟ್ಬೇಡ!" ಅವನು ಪೆಟ್ಟಿಗೆಯ ಹಿಂದಿನಿಂದ ಇನ್ನೊಂದು ಪೊಟ್ಟಣ ತೆಗೆದು ಅವಳ ಮಡಿಲಿಗೆ ಹಾಕಿದ. "ತರುವಾಗೆಲ್ಲ ಎರಡು ತರ್ತೀನಿ. ಒಂದು ಮಷಿನ್‌ಗೆ, ಒಂದು ನಿಂಗೆ."

"ನಾನು ಬರ್ತೀನಿ ಅಂತ ಗೊತ್ತಿತ್ತಾ?"

"ಇಲ್ಲ. ಬಂದ್ರೆ ಹಸ್ಕೊಂಡು ಬರ್ತೀಯ ಅಂತ ಗೊತ್ತಿತ್ತು."